ಮಗಳ ಚೆಂಡು ರಾಜಕಾಲುವೆಗೆ ಬಿತ್ತು. ಅದು ಎಲ್ಲಿಗೆ ಹೋಗುತ್ತದೆ?

ಮೂರನೇ_ಕ್ರಾಸ್
ಪ್ರಶ್ನೆ ಚಿಕ್ಕದು, ನಗಬೇಡಿ. ನಾವಿರುವುದು ಬೆಂಗಳೂರಿನ ಶಾಂತಿನಗರದ ಕಡೆ. ಮನೆ ಹಿಂದೆ ಒಂದು ಗೋಡೆ, ಗೋಡೆಯಾಚೆ ರಾಜಕಾಲುವೆ. ಬಾಡಿಗೆಗೆ ಬಂದು ನಾಲ್ಕು ವರ್ಷ ಆಯ್ತು, ಆ ಕಡೆಯ ಕಿಟಕಿ ತೆಗೆದದ್ದು ನಾಲ್ಕು ಸಲ ಇರಬಹುದು. ನಿನ್ನೆ ಸಂಜೆ ಮಹಡಿ ಮೇಲೆ ಆಡುತ್ತಿದ್ದ ಮಗಳ ಚೆಂಡು ಪುಟಿದು ಸೀದಾ ಕಾಲುವೆಗೆ ಬಿತ್ತು. ಹಳದಿ ಚೆಂಡು, ಮೇಲೆ ಕೆಂಪು ಪಟ್ಟಿ. ಕಪ್ಪು ನೀರಿನಲ್ಲಿ ಒಂದು ಸುತ್ತು ತಿರುಗಿತು, ಆಮೇಲೆ ಒಂದು ಥರ್ಮಾಕೋಲ್ ತುಂಡಿನ ಹಿಂದೆ ನಿಧಾನಕ್ಕೆ ಹೊರಟೇಬಿಟ್ಟಿತು.

ಅವಳು ಅಳಲಿಲ್ಲ. "ಅಪ್ಪಾ, ಅದು ಎಲ್ಲಿಗೆ ಹೋಗುತ್ತೆ?" ಅಂದಳು. ಮೋರಿಗೆ ಅಂದೆ. "ಇದೇ ಮೋರಿ ಅಲ್ವಾ, ಮೋರಿಯಿಂದ ಎಲ್ಲಿಗೆ?" ಅಂದಳು. ಸಮುದ್ರಕ್ಕೆ ಅಂದುಬಿಟ್ಟೆ. ಹುಟ್ಟಿದ್ದು ಬೆಳೆದದ್ದು ಇದೇ ಊರಲ್ಲಿ, ಮನೆ ಹಿಂದಿನ ನೀರು ಯಾವ ದಿಕ್ಕಿಗೆ ಹೋಗುತ್ತದೆ ಅಂತಲೂ ನನಗೆ ಗೊತ್ತಿಲ್ಲ. ಮಗುವಿಗೆ ಸುಳ್ಳು ಹೇಳಿದೆನಾ?

ಸುಮ್ನೆ_ಓದುವವ
ಎಲ್ಲಿಗೂ ಹೋಗಲ್ಲ ಗುರು. ಮುಂದಿನ ಸೇತುವೆ ಕೆಳಗೆ ಹಳೇ ಹಾಸಿಗೆ, ತಲೆದಿಂಬು, ಎಳನೀರು ಬುರುಡೆ ಜೊತೆ ಕೂತಿರುತ್ತದೆ.

ನಕ್ಷೆ_ಹುಚ್ಚ
ಸುಳ್ಳೇನೂ ಅಲ್ಲ ಸರ್. ನಿಮ್ಮ ಹಿಂದೆ ಇರುವುದು ಕೋರಮಂಗಲ ಕಣಿವೆಯ ಕಾಲುವೆ. ಈಗ ಅದಕ್ಕೆ ಕೆ-100 ಅಂತ ಹೆಸರು. ಮೆಜೆಸ್ಟಿಕ್ ಕಡೆಯಿಂದ ಹೊರಟು ಮಾರ್ಕೆಟ್ ಭಾಗ, ಶಾಂತಿನಗರ, ಈಜಿಪುರದ ಅಂಚು ದಾಟಿ ಬೆಳ್ಳಂದೂರು ಕೆರೆ ಸೇರುತ್ತದೆ. ಒಟ್ಟು ಹನ್ನೊಂದು ಹನ್ನೆರಡು ಕಿಲೋಮೀಟರ್.

ಬೆಳ್ಳಂದೂರು ಕೋಡಿಯಿಂದ ವರ್ತೂರು ಕೆರೆ. ಅಲ್ಲಿಂದ ದಕ್ಷಿಣ ಪಿನಾಕಿನಿ. ಆಮೇಲೆ ಗಡಿ ದಾಟಿ ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟು, ಮುಂದೆ ಕೃಷ್ಣಗಿರಿ ಅಣೆಕಟ್ಟು, ಸಾತನೂರು ಅಣೆಕಟ್ಟು, ಕೊನೆಗೆ ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿ. ತಮಿಳುನಾಡಿನಲ್ಲಿ ಅದೇ ಹೊಳೆಗೆ ತೆನ್‌ಪೆಣ್ಣೈ ಅಂತ ಹೆಸರು. ಅಂದರೆ ನಿಮ್ಮ ಚೆಂಡಿಗೆ ಎರಡು ದೊಡ್ಡ ಕೆರೆ, ಮೂರು ಅಣೆಕಟ್ಟು ಅಡ್ಡ ಇವೆ. ಅಷ್ಟೂ ದಾಟಿದರೆ ಸಮುದ್ರ.

ಮೂರನೇ_ಕ್ರಾಸ್
@ನಕ್ಷೆ_ಹುಚ್ಚ ಅಬ್ಬಾ! ಓದಿ ಹೇಳಿದೆ ಅವಳಿಗೆ. "ತಮಿಳುನಾಡಿಗೆ ಹೋಗೋಕೆ ಟಿಕೆಟ್ ಬೇಡ್ವಾ" ಅಂತ ಕೇಳಿದಳು.

ಕೆಂಗೇರಿ_ರೈಲು
ಎಲ್ಲಾ ಮೋರಿನೂ ಕೆಂಗೇರಿಗೇ ಹೋಗೋದು ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಚಿಕ್ಕವನಿದ್ದಾಗ ಮೈಸೂರಿಂದ ರಾತ್ರಿ ರೈಲಿನಲ್ಲಿ ಬರುವಾಗ ನಿದ್ದೆಯಲ್ಲೇ ಗೊತ್ತಾಗುತ್ತಿತ್ತು, ಕೆಂಗೇರಿ ಬಂತು ಅಂತ. ಬೋರ್ಡು ನೋಡುವ ಹಾಗೇ ಇಲ್ಲ, ಮೂಗಿಗೇ ಸ್ಟೇಷನ್ ಬರುತ್ತಿತ್ತು. ಅಮ್ಮ ಸೆರಗು ಮುಖಕ್ಕೆ ಹಾಕಿಕೊಂಡು "ಏಳೋ, ಚಪ್ಪಲಿ ಹುಡುಕು" ಅನ್ನುತ್ತಿದ್ದರು. ಯಾರಾದರೂ ಕೆಟ್ಟ ಮಾತು ಆಡಿದರೆ ಅವನ ಬಾಯಿ ಕೆಂಗೇರಿ ಮೋರಿ ಅಂತಲೇ ನಮ್ಮನೆಯಲ್ಲಿ ಹೇಳೋದು.

ನಕ್ಷೆ_ಹುಚ್ಚ
ಕೆಂಗೇರಿಯದು ಬೇರೆ ನೀರು ಸರ್. ಅದು ವೃಷಭಾವತಿ. ಮತ್ತೆ ಅದು ಮೋರಿ ಅಲ್ಲ, ನದಿ.

ಸುಲಭವಾಗಿ ಹೇಳುತ್ತೇನೆ. ಬೆಂಗಳೂರು ಕೂತಿರುವುದು ದಿಬ್ಬದ ಮೇಲೆ, ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರ. ಮನೆ ಛಾವಣಿಯ ಹಾಗೆ, ಒಂದು ಕಡೆ ಬಿದ್ದ ಮಳೆ ಪಶ್ಚಿಮಕ್ಕೆ, ಇನ್ನೊಂದು ಕಡೆ ಬಿದ್ದದ್ದು ಪೂರ್ವಕ್ಕೆ. ಪಶ್ಚಿಮದ್ದು ವೃಷಭಾವತಿ ಕಣಿವೆ. ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆ ಅಂತ ಪ್ರತೀತಿ, ಹೆಸರೂ ಅದರಿಂದಲೇ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಪಕ್ಕ ಹಾದು, ಕೆಂಗೇರಿ, ಬಿಡದಿ ಕಡೆಯ ಬೈರಮಂಗಲ ಕೆರೆ, ಆಮೇಲೆ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ಪೂರ್ವದಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಮತ್ತು ಹೆಬ್ಬಾಳ ಕಣಿವೆ. ಅವೆರಡೂ ಪಿನಾಕಿನಿ ಕಡೆ.

ಬೇಲಿಬಳ್ಳಿ
ವೃಷಭಾವತಿ ಹುಟ್ಟುವುದು ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಸ್ಥಾನದ ಎದುರಿನ ನಂದಿ ತೀರ್ಥದಲ್ಲಿ ಅಂತ ನಮ್ಮಜ್ಜಿ ಹೇಳುತ್ತಿದ್ದರು. ನೀವು ಬಸವನಗುಡಿಯವರು ಅಲ್ವಾ?

ನಕ್ಷೆ_ಹುಚ್ಚ
ಹೌದು, ಬಸವನಗುಡಿಯವನೇ :) ಎರಡೂ ಕಡೆಯ ತೊರೆಗಳು ಸೇರಿಯೇ ನದಿ ಆಗುವುದು. ಆದರೆ ಹೆಸರು ನಮ್ಮ ಬಸವಣ್ಣನದ್ದು.

ಬೇಲಿಬಳ್ಳಿ
ನಮ್ಮದೂ ನಂದಿಯೇ ಸ್ವಾಮಿ.

ತಲೆಬಿಸಿ_ತಮ್ಮಣ್ಣ
ಒಟ್ಟಿನಲ್ಲಿ ನಾವು ಫ್ಲಶ್ ಮಾಡಿದ್ದು ಕಾವೇರಿಗೆ, ಕಾವೇರಿಯಿಂದ ಮತ್ತೆ ನಮ್ಮ ನಲ್ಲಿಗೆ. ನಮ್ಮದನ್ನು ನಾವೇ ಕುಡಿಯುತ್ತಿದ್ದೇವೆ. ಸೂಪರ್.

ನಿವೃತ್ತ_ಇಂಜಿನಿಯರ್
ತಮ್ಮಣ್ಣನವರೇ, ಇದು ಎಲ್ಲರೂ ಹೇಳುವ ಮಾತು, ಆದರೆ ತಪ್ಪು. ನಗರಕ್ಕೆ ಕಾವೇರಿ ನೀರು ಎತ್ತುವುದು ಶಿವನಸಮುದ್ರದ ಕಡೆ, ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ. ಅರ್ಕಾವತಿ ಕಾವೇರಿಗೆ ಸೇರುವ ಸಂಗಮ ಅದಕ್ಕಿಂತ ಕೆಳಗೆ. ಹೊಳೆ ಹಿಂದಕ್ಕೆ ಹರಿಯುವುದಿಲ್ಲ. ನಮ್ಮದನ್ನು ನಾವು ಕುಡಿಯುತ್ತಿಲ್ಲ, ಕೆಳಗಿನವರಿಗೆ ಕೊಡುತ್ತಿದ್ದೇವೆ. ಸಮಾಧಾನ ಆಯಿತೇ?

ಇದರಲ್ಲಿ ಇನ್ನೊಂದು ವಿಷಯ ಇದೆ, ಯಾರೂ ಯೋಚನೆ ಮಾಡುವುದಿಲ್ಲ. ಕಾವೇರಿ ನೀರು ಊರಿಗೆ ಬಂದದ್ದು 1974ರಲ್ಲಿ. ಅದಕ್ಕೆ ಮೊದಲು ಹೆಸರಘಟ್ಟ, ಆಮೇಲೆ 1933ರಿಂದ ತಿಪ್ಪಗೊಂಡನಹಳ್ಳಿ. ಈಗ ಸುಮಾರು 100 ಕಿ.ಮೀ. ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುತ್ತೇವೆ. ಆ ನೀರಲ್ಲಿ ಪಾತ್ರೆ ತೊಳೆದು, ಸ್ನಾನ ಮಾಡಿ, ಪೂರ್ವದ ಬಡಾವಣೆಯವರು ಬಿಡುವುದು ಎಲ್ಲಿಗೆ? ಪಿನಾಕಿನಿಗೆ. ಒಂದು ನದಿಯಿಂದ ಎತ್ತಿ ಇನ್ನೊಂದು ನದಿಗೆ ಸುರಿಯುತ್ತಿದ್ದೇವೆ. ನಮ್ಮ ಕಾಲದಲ್ಲಿ ಬೇಸಿಗೆಯಲ್ಲಿ ಈ ಕಾಲುವೆಗಳು ಒಣಗುತ್ತಿದ್ದವು, ಹುಡುಗರು ಒಳಗೆ ಇಳಿದು ಗೋಲಿ ಆಡುತ್ತಿದ್ದರು. ಈಗ ಏಪ್ರಿಲ್‌ನಲ್ಲೂ ಹರಿಯುತ್ತವೆ. ಊರಿಗೆ ನದಿ ಇಲ್ಲ ಅನ್ನುತ್ತಾರೆ. ವರ್ಷವಿಡೀ ಹರಿಯುವ ಎರಡು ನದಿಗಳನ್ನು ನಾವೇ ಮಾಡಿಕೊಂಡಿದ್ದೇವೆ.

ಸುಮ್ನೆ_ಓದುವವ
ಜೀವನದಿ ಅಂತ ಕರೆಯೋಣ್ವಾ.

ಅಪಾರ್ಟ್‌ಮೆಂಟ್_ಕಾರ್ಯದರ್ಶಿ
ಇಂಜಿನಿಯರ್ ಸರ್, ಒಂದು ಡೌಟು. ರಾಜಕಾಲುವೆ ಇರೋದು ಮಳೆ ನೀರಿಗೆ. ಕಕ್ಕಸು ನೀರಿಗೆ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಬೇರೆ ಇದೆ. ಆದರೂ ಕಾಲುವೆಯಲ್ಲಿ ಬರೀ ಅದೇ ಯಾಕೆ?

ನಿವೃತ್ತ_ಇಂಜಿನಿಯರ್
ಕಾಗದದ ಮೇಲೆ ಎರಡೂ ಬೇರೆ ಬೇರೆ. ನೆಲದ ಮೇಲೆ ಅಣ್ಣತಮ್ಮಂದಿರು. ಕೊಳಚೆ ಪೈಪು ಇಳಿಜಾರಿನಲ್ಲೇ ಹೋಗಬೇಕು, ಊರಿನಲ್ಲಿ ಒಳ್ಳೆ ಇಳಿಜಾರು ಇರುವುದು ಕಣಿವೆಯಲ್ಲಿ, ಕಣಿವೆಯಲ್ಲಿ ಕಾಲುವೆ ಇದೆ. ಹಾಗಾಗಿ ದೊಡ್ಡ ಪೈಪುಗಳನ್ನು ಕಾಲುವೆ ಪಕ್ಕದಲ್ಲೋ ಕಾಲುವೆ ಒಳಗೋ ಹಾಕಿದ್ದಾರೆ. ಕಾಲುವೆ ಮಧ್ಯ ಬಾವಿ ಕಟ್ಟೆಯ ಹಾಗೆ ಸಿಮೆಂಟಿನ ಗುಂಡು ಕಟ್ಟೆ ಎದ್ದಿರುವುದು ನೋಡಿದ್ದೀರಲ್ಲ, ಅದು ಮ್ಯಾನ್‌ಹೋಲ್. ಅದು ಕಟ್ಟಿಕೊಂಡರೆ ಎಲ್ಲಾ ಕಾಲುವೆಗೇ. ಇನ್ನು 2007ರಲ್ಲಿ ಬಿಬಿಎಂಪಿ ಆದಾಗ ಸೇರಿದ 110 ಹಳ್ಳಿಗಳಲ್ಲಿ ಎಷ್ಟೋ ವರ್ಷ ಯುಜಿಡಿಯೇ ಇರಲಿಲ್ಲ. ಮನೆಗಳು ಮೊದಲು ಬಂದವು, ಪೈಪು ಆಮೇಲೆ.

ನಾನೂ ಒಂದು ಪ್ರಶ್ನೆ ಕೇಳುತ್ತೇನೆ, ಇಲ್ಲಿರುವ ಎಲ್ಲರಿಗೂ. ನಿಮ್ಮ ಟೆರೇಸಿನ ಮಳೆ ನೀರಿನ ಪೈಪು ಎಲ್ಲಿಗೆ ಬಿಟ್ಟಿದ್ದೀರಿ? ಹತ್ತರಲ್ಲಿ ಐದು ಮನೆಯವರು ಯುಜಿಡಿ ಚೇಂಬರಿಗೆ ಬಿಟ್ಟಿರುತ್ತೀರಿ ಅಂತ ನನ್ನ ಅನುಭವ. ಜೋರು ಮಳೆಯಲ್ಲಿ ರಸ್ತೆ ಮಧ್ಯ ಮ್ಯಾನ್‌ಹೋಲ್ ಮುಚ್ಚಳ ಕುಣಿಯುವುದು ಅದಕ್ಕೇ. ಮಳೆ ನೀರು ಕೊಳಚೆ ಪೈಪಿಗೆ, ಕೊಳಚೆ ಮಳೆ ಕಾಲುವೆಗೆ. ಮೇಲಿನಿಂದ ಕೆಳಗಿನ ತನಕ ಎಲ್ಲವನ್ನೂ ಅದಲುಬದಲು ಮಾಡಿ ಕೂತಿದ್ದೇವೆ.

ಅಪಾರ್ಟ್‌ಮೆಂಟ್_ಕಾರ್ಯದರ್ಶಿ
ಈಗ ತಾನೇ ಪ್ಲಂಬರ್‌ಗೆ ಫೋನ್ ಮಾಡಿದೆ. ನಮ್ಮದು ಯುಜಿಡಿಗೇ ಇದೆಯಂತೆ.

ತಲೆಬಿಸಿ_ತಮ್ಮಣ್ಣ
ಹಹ್ಹಾ. ಮತ್ತೆ ಎಸ್‌ಟಿಪಿ, ಕೊಳಚೆ ಶುದ್ಧ ಮಾಡುವ ಘಟಕ? ದೊಡ್ಡ ಅಪಾರ್ಟ್‌ಮೆಂಟಿಗೆಲ್ಲ ಕಡ್ಡಾಯ ಅಲ್ವಾ. ನಿಮ್ಮದು ಓಡುತ್ತಾ ಇಲ್ಲಾ ಮೀಟಿಂಗ್‌ನಲ್ಲಿ ಮಾತ್ರ ಓಡುತ್ತಾ?

ಅಪಾರ್ಟ್‌ಮೆಂಟ್_ಕಾರ್ಯದರ್ಶಿ
ಓಡುತ್ತೆ ಸಾರ್. ಬೆಳಗ್ಗೆ ಆರರಿಂದ ಓಡುತ್ತೆ. ಕರೆಂಟ್ ಬಿಲ್ ನೋಡಿ ನಿಲ್ಲಿಸಿ ಅನ್ನುವವರು ಇದ್ದಾರೆ, ವಾಸನೆ ಅಂತ ಜಗಳ ಆಡುವವರು ಇದ್ದಾರೆ, ಶುದ್ಧ ಆದ ನೀರು ಫ್ಲಶ್‌ಗೆ ಬಿಟ್ಟರೆ ಹಳದಿ ಅಂತ ಫೋಟೋ ಕಳಿಸುವವರು ಇದ್ದಾರೆ. ಕಾರ್ಯದರ್ಶಿ ಆಗಿ ನೋಡಿ ಒಂದು ವರ್ಷ, ಆಮೇಲೆ ಮಾತಾಡಿ.

ಈಜಿಪುರದ_ಅಕ್ಕ
ನೀವೆಲ್ಲ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳುತ್ತಿದ್ದೀರಿ. ನಮಗೆ ಅದು ಎಲ್ಲಿಂದ ಬರುತ್ತದೆ ಅನ್ನುವುದೇ ಚಿಂತೆ. ನಮ್ಮ ಬೀದಿ ತಗ್ಗಿನಲ್ಲಿದೆ. ಪ್ರತಿ ಮನೆ ಬಾಗಿಲಿಗೂ ಎರಡು ಅಡಿ ಕಟ್ಟೆ. ಹೊರಗಿನವರು ಬಂದರೆ ಎಡವುತ್ತಾರೆ, ನಾವು ಕತ್ತಲಲ್ಲೂ ದಾಟುತ್ತೇವೆ. ಮಂಚದ ಕಾಲಿಗೆ ಮೂರು ಮೂರು ಇಟ್ಟಿಗೆ, ಫ್ರಿಜ್ ಕಬ್ಬಿಣದ ಸ್ಟ್ಯಾಂಡ್ ಮೇಲೆ, ರೇಷನ್ ಕಾರ್ಡು ಆಧಾರು ಎಲ್ಲಾ ಪ್ಲಾಸ್ಟಿಕ್ ಕವರ್‌ನಲ್ಲಿ ಅಟ್ಟದ ಮೇಲೆ. ನನ್ನ ಮದುವೆ ಆಲ್ಬಂ ಮಾತ್ರ ಕೆಳಗಿನ ಬೀರುವಿನಲ್ಲಿತ್ತು, ಹೋಯ್ತು. ಫೋಟೋಗಳು ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆ ಥರ ಆಗಿದ್ದವು.

ನೀರು ಮೊದಲು ಬರುವುದು ಬಾಗಿಲಿಂದ ಅಲ್ಲ. ಬಚ್ಚಲಿನ ಜಾಲರಿಯಿಂದ. ಗುಳು ಗುಳು ಅಂತ ಸದ್ದು ಬರುತ್ತದೆ, ಮೊದಲು ಜಿರಳೆಗಳು ಮೇಲೆ ಬರುತ್ತವೆ, ಆಮೇಲೆ ನೀರು. ನಮ್ಮತ್ತೆ ಜಾಲರಿ ಮೇಲೆ ಗೋಣಿಚೀಲ ಹಾಕಿ ಅದರ ಮೇಲೆ ರುಬ್ಬುವ ಗುಂಡು ಇಡುತ್ತಾರೆ. ಮಿಕ್ಸಿ ಬಂದ ಮೇಲೆ ಆ ಗುಂಡಿಗೆ ಅದೊಂದೇ ಕೆಲಸ. ದೂರು ಕೊಡಲು ಹೋದರೆ ಒಂದು ಕಚೇರಿಯವರು ಇದು ಕಾಲುವೆ ಸಮಸ್ಯೆ ಅಂತಾರೆ, ಇನ್ನೊಂದು ಕಚೇರಿಯವರು ಪೈಪಿನ ಸಮಸ್ಯೆ ಅಂತಾರೆ.

ಮೂರನೇ_ಕ್ರಾಸ್
ಅಕ್ಕಾ, ಆ ಗುಂಡಿನ ವಿಷಯ ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಓಆರ್‌ಆರ್_ಕೈದಿ
2022ರ ಸೆಪ್ಟೆಂಬರ್ ನೆನಪಾಯ್ತು. ಒಂದೇ ರಾತ್ರಿ 130 ಮಿಲಿಮೀಟರಿನಷ್ಟು ಮಳೆ. ನಾನು ಆಫೀಸಿಗೆ ಟ್ರ್ಯಾಕ್ಟರ್‌ನಲ್ಲಿ ಹೋದೆ. ಸುಳ್ಳಲ್ಲ, ಹೊರ ವರ್ತುಲ ರಸ್ತೆಯಲ್ಲಿ ಲ್ಯಾಪ್‌ಟಾಪ್ ತಲೆ ಮೇಲೆ ಇಟ್ಟುಕೊಂಡು ಟ್ರ್ಯಾಕ್ಟರ್ ಹತ್ತಿದೆ. ಯಮಲೂರು ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ ಕರೆದುಕೊಂಡು ಬಂದರು. ಮಳೆಗೆ ಬಡವ ಶ್ರೀಮಂತ ಅಂತ ಇಲ್ಲ.

ಈಜಿಪುರದ_ಅಕ್ಕ
ಇದೆ ತಮ್ಮಾ. ನಿಮ್ಮಲ್ಲಿ ದೋಣಿ ಬಂತು, ಟಿವಿನೂ ಬಂತು.

ಬ್ರೋಕರ್_ಬಾಬಣ್ಣ
ನೀರು ನುಗ್ಗಿದಾಗೆಲ್ಲ ಎಲ್ಲರೂ ಕಾಲುವೆ ಒತ್ತುವರಿ, ಒತ್ತುವರಿ ಅಂತೀರ. ನಾನು ಈ ಲೈನಲ್ಲಿ ಇಪ್ಪತ್ತು ವರ್ಷ ಇದ್ದೇನೆ. ಕೊಳ್ಳುವವರು ಕೇಳೋದು ವಾಸ್ತು, ಪಾರ್ಕಿಂಗ್, ಸ್ಕೂಲ್ ಎಷ್ಟು ದೂರ. ಇಲ್ಲಿ ಕಾಲುವೆ ಇತ್ತಾ ಅಂತ ಒಬ್ಬರೂ ಕೇಳಿಲ್ಲ. ಈಶಾನ್ಯಕ್ಕೆ ನೀರು ಇದ್ದರೆ ಒಳ್ಳೇದು ಅಂತ ಖುಷಿಪಟ್ಟವರು ಇದ್ದಾರೆ!

ನಕ್ಷೆ_ಹುಚ್ಚ
ಕೇಳದಿದ್ದರೂ ನೋಡಬಹುದು. ದಿಶಾಂಕ್ ಆ್ಯಪ್ ಹಾಕಿಕೊಳ್ಳಿ, ಸರ್ಕಾರದ್ದೇ, ದುಡ್ಡಿಲ್ಲ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಹಳೇ ಗ್ರಾಮ ನಕ್ಷೆಯಲ್ಲಿ ಕಾಲುವೆ, ಕೆರೆ ಎಲ್ಲಾ ಇರುತ್ತವೆ. ಪಹಣಿಯಲ್ಲಿ ಬಿ-ಖರಾಬು ಅಂತ ಕಂಡರೆ ಅದು ಸರ್ಕಾರಕ್ಕೆ ಸೇರಿದ್ದು, ಕಾಲುವೆಯೋ ದಾರಿಯೋ ಇರುವ ಜಾಗ. ಅಂಥದ್ದನ್ನು ಸೈಟ್ ಅಂತ ಮಾರಿದರೆ ಓಡಿಹೋಗಿ.

ತಲೆಬಿಸಿ_ತಮ್ಮಣ್ಣ
ಕಾಲುವೆಯಿಂದ 75 ಮೀಟರ್ ಜಾಗ ಏನೂ ಕಟ್ಟದೆ ಬಿಡಬೇಕು ಅಂತ ರಾಷ್ಟ್ರೀಯ ಹಸಿರು ಪೀಠ (ಎನ್‌ಜಿಟಿ) ಹೇಳಿತ್ತಲ್ಲ, ಅದಕ್ಕೆ ಏನಾಯ್ತು?

ನಿವೃತ್ತ_ಇಂಜಿನಿಯರ್
75 ಮೀಟರ್ ಹೇಳಿದ್ದು ಕೆರೆಗೆ. ಕಾಲುವೆಗೆ 50, 35, 25, ಅಂದರೆ ದೊಡ್ಡದು, ಮಧ್ಯಮ, ಚಿಕ್ಕದು. 2016ರ ಆದೇಶ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ನಗರ ಯೋಜನೆಯ ಹಳೇ ಲೆಕ್ಕವೇ ಇರಲಿ ಅಂದಿತು. ಕೆರೆಗೆ 30, ದೊಡ್ಡ ಕಾಲುವೆಗೆ 50, ಮಧ್ಯಮಕ್ಕೆ 25, ಚಿಕ್ಕದಕ್ಕೆ 15. ಅಷ್ಟಾದರೂ ಬಿಟ್ಟಿದ್ದರೆ ಈ ಚರ್ಚೆ ಇರುತ್ತಿರಲಿಲ್ಲ.

ಬೆಳ್ಳಂದೂರು_ಮೊಮ್ಮಗಳು
ಚೆಂಡು ನಮ್ಮೂರಿಗೆ ಬರುತ್ತದೆ ಅಂದಮೇಲೆ ನಾನು ಮಾತಾಡಲೇಬೇಕು.

ನಮ್ಮ ತಾತ ನೀರುಗಂಟಿ. ಇಲ್ಲಿನ ಎಷ್ಟೋ ಜನಕ್ಕೆ ಈ ಪದವೇ ಗೊತ್ತಿರಲ್ಲ. ಕೆರೆ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೀರ್ಮಾನ ಮಾಡುವುದು ಅವರ ಕೆಲಸ. ಸಂಬಳ ಇಲ್ಲ, ಸುಗ್ಗಿಯಲ್ಲಿ ಪ್ರತಿ ಕಣದಿಂದ ಇಷ್ಟು ಅಂತ ಕಾಳು ಬರುತ್ತಿತ್ತು. ಸುಮಾರು 900 ಎಕರೆಯ ಕೆರೆ. ಅದರ ನೀರನ್ನು ಮನೆಗೆ ತಂದು ಸೋಸಿ ಬೇಳೆ ಬೇಯಿಸುತ್ತಿದ್ದರಂತೆ ಅಜ್ಜಿ, ಬಾವಿ ನೀರಲ್ಲಿ ಬೇಳೆ ಬೇಯಲ್ಲ ಅಂತ. ಅಪ್ಪನ ಕಾಲಕ್ಕೆ ಅದೇ ನೀರಿಗೆ ಕಾಲಿಟ್ಟರೆ ತುರಿಕೆ. ನನ್ನ ಕಾಲಕ್ಕೆ ಅದಕ್ಕೆ ಬೆಂಕಿ ಬಿತ್ತು! 2018ರ ಜನವರಿಯಲ್ಲಿ ಸೇನೆಯವರು ಬಂದು ಆರಿಸಬೇಕಾಯಿತು. ಆಗ ದೆಹಲಿಯಲ್ಲಿದ್ದ ಗೆಳತಿ ಫೋನ್ ಮಾಡಿ "ನಿಮ್ಮೂರಲ್ಲಿ ನೀರಿಗೆ ಬೆಂಕಿ ಬೀಳುತ್ತಂತೆ ಹೌದಾ" ಅಂತ ಕೇಳಿದಳು. ಏನು ಉತ್ತರ ಕೊಡಲಿ.

ನೊರೆ ಅಂತೂ ಬಿಡಿ. ಕೋಡಿಯಲ್ಲಿ ನೀರು ಧುಮುಕುವಾಗ ಒಳಗಿರುವ ಸೋಪಿನಪುಡಿಯೆಲ್ಲ ಕಡೆದ ಹಾಗಾಗಿ ನೊರೆ ಏಳುತ್ತದೆ. ಮಳೆ ಬಂದ ಮಾರನೇ ದಿನ ಜಾಸ್ತಿ. ಗಾಳಿ ಬಂದರೆ ದಿಂಬಿನಷ್ಟು ದಪ್ಪದ ತುಂಡುಗಳು ರಸ್ತೆಗೆ ಹಾರಿ ಬರುತ್ತಿದ್ದವು. ಬೈಕಿನವರು ಕನ್ನಡಕ ಒರೆಸಿಕೊಂಡು ಹೋಗುತ್ತಿದ್ದರು. ಅದನ್ನು ತಡೆಯಲು ರಸ್ತೆ ಬದಿಗೆ ಜಾಲರಿ ಕಟ್ಟಿದರು. ಹೊಸದಾಗಿ ಬಂದವರು ಸೆಲ್ಫಿ ತೆಗೆದುಕೊಂಡು ಊಟಿ ಥರ ಇದೆ ಅಂದರು.

ಸುಮ್ನೆ_ಓದುವವ
ಊಟಿ ಥರ ಅಂದವನು ನಾನೇ. ಕ್ಷಮಿಸಿ.

ಕೋಡಿಹಳ್ಳಿಯವ
ಕೋಡಿ ಅಂದಾಗ ನೆನಪಾಯ್ತು. ನಮ್ಮ ಊರುಗಳ ಹೆಸರಿನಲ್ಲೇ ನೀರಿದೆ, ನೋಡಿದ್ದೀರಾ? ಕೋಡಿಹಳ್ಳಿ ಅಂದರೆ ಕೆರೆ ಕೋಡಿಯ ಹತ್ತಿರದ ಹಳ್ಳಿ. ಬೈರಸಂದ್ರ, ತಿಪ್ಪಸಂದ್ರ, ಸಿಂಗಸಂದ್ರ ಇವುಗಳಲ್ಲಿ ಬರುವ ಸಂದ್ರ ಅಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ತಾವರೆಕೆರೆ ಅಂತೂ ಹೇಳುವುದೇ ಬೇಡ. ಬಿಟಿಎಂ ಲೇಔಟ್ ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರಕ್ಷರದಲ್ಲಿ ಎರಡು ಕೆರೆ. ಅಲ್ಲಿ ಮನೆ ಮಾಡಿ ಬೇಸ್‌ಮೆಂಟಿಗೆ ನೀರು ಬಂತು ಅಂದರೆ ಏನು ಹೇಳುವುದು.

ಬೇಲಿಬಳ್ಳಿ
ಮೂರಕ್ಷರದಲ್ಲಿ ಮೂರು ಕೆರೆ. ಮಡಿವಾಳ ಕೆರೆ ಇವತ್ತಿಗೂ ಇದೆ.

ಕೋಡಿಹಳ್ಳಿಯವ
ಒಪ್ಪಿದೆ.

ಪೇಟೆ_ಪುಟ್ಟಿ
ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜ್ ಕೂಡ ಕೆರೆ ಅಂಗಳವೇ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನ ಆಯ್ತು. ನಮ್ಮ ಊರಲ್ಲಿ ಕೆರೆ ಒಣಗಿದರೆ ಆಟ ಶುರು!

ಆದರೆ ಸಂಪಂಗಿ ಕೆರೆ ಪೂರ್ತಿ ಹೋಗಿಲ್ಲ ಅಂತ ನಾನು ಹೇಳುತ್ತೇನೆ. ಕ್ರೀಡಾಂಗಣದ ಪಕ್ಕ ಒಂದು ಚೌಕದ ಹೊಂಡ ಉಳಿದಿದೆ. ಕರಗದ ಸಮಯದಲ್ಲಿ ಹಸಿ ಕರಗಕ್ಕೆ ಅಲ್ಲಿಗೇ ಹೋಗಬೇಕು. ಸ್ಟೇಡಿಯಂ ಬಂತು, ರಸ್ತೆ ಬಂತು ಅಂತ ತಿಗಳರು ಜಾಗ ಬದಲಾಯಿಸಲಿಲ್ಲ. ನಾನು ಅಪ್ಪನ ಭುಜದ ಮೇಲೆ ಕೂತು ನೋಡಿದ್ದೇನೆ, ಮಲ್ಲಿಗೆ ವಾಸನೆ, ಗಂಟೆ ಸದ್ದು, ಬಿಚ್ಚುಗತ್ತಿ ಹಿಡಿದ ವೀರಕುಮಾರರು, ಹಿಂದೆ ಟ್ರಾಫಿಕ್ ಹಾರ್ನ್. ಇಷ್ಟು ಚಿಕ್ಕ ನೀರಿಗೆ ಇಷ್ಟು ಜನ ಯಾಕೆ ಬರುತ್ತಾರೆ ಅಂತ ಕೇಳಿದ್ದೆ. "ಇದು ಕೆರೆ ಕಣೇ, ನಾವು ನೋಡೋ ಹೊತ್ತಿಗೆ ಚಿಕ್ಕದಾಗಿದೆ ಅಷ್ಟೇ" ಅಂದಿದ್ದರು.

ಬೈರಮಂಗಲದ_ರೈತ
ವೃಷಭಾವತಿ ನಮ್ಮ ಹೊಲಕ್ಕೆ ಬರುತ್ತದೆ. ನಿಮಗೆ ವಾಸನೆ ಬಂದರೆ ಕಿಟಕಿ ಮುಚ್ಚುತ್ತೀರಿ, ನಾವು ಅದರಲ್ಲಿ ನಿಂತು ನೀರು ಕಟ್ಟುತ್ತೇವೆ. ಮೊದಲು ಭತ್ತ, ರಾಗಿ. ಈಗ ಬೇಬಿಕಾರ್ನ್, ಹಸುವಿನ ಮೇವು, ಹಿಪ್ಪುನೇರಳೆ. ನೀರು ಬೇಸಿಗೆಯಲ್ಲೂ ನಿಲ್ಲಲ್ಲ ಅನ್ನುವುದು ನಿಜ, ಗೊಬ್ಬರ ಕಡಿಮೆ ಸಾಕು ಅನ್ನುವುದೂ ನಿಜ. ಕೈಕಾಲು ಕೆರೆತ, ಸೊಳ್ಳೆ, ಬೋರ್ ನೀರಲ್ಲೂ ವಾಸನೆ, ಅದೂ ನಿಜ. ಎಳನೀರಿಗೂ ಗಿರಾಕಿ ಮೂಗು ಮುರಿಯುತ್ತಾನೆ, ಯಾವೂರು ಅಂತ ಕೇಳಿ.

ತಲೆಬಿಸಿ_ತಮ್ಮಣ್ಣ
ಅದಕ್ಕೇ ನಾನು ಸೊಪ್ಪು ತಿನ್ನೋದೇ ಬಿಟ್ಟಿದ್ದೀನಿ. ಎಲ್ಲಾ ಮೋರಿ ನೀರಿಂದೇ.

ಬೈರಮಂಗಲದ_ರೈತ
ಮೋರಿ ನೀರು ನಾವು ಮಾಡಿದ್ದಲ್ಲ ಸ್ವಾಮಿ. ನೀವು ಕಳಿಸಿದ್ದು.

ತಲೆಬಿಸಿ_ತಮ್ಮಣ್ಣ
ಸರಿ ಅಣ್ಣ. ತಪ್ಪಾಯ್ತು.

ಕೋಲಾರದ_ಹುಣಸೆ
ನಮಗೂ ಕಳಿಸುತ್ತಿದ್ದೀರಿ, ಮರೆಯಬೇಡಿ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧ ಆಗಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಮೊದಲು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಮೂರನೇ ಹಂತವೂ ಮಾಡಿ ಕೊಡಿ ಅಂತ ಹೋರಾಟ ನಡೆದೇ ಇದೆ. ನಾನು ಆ ಹೋರಾಟದ ಪರ. ಆದರೂ ಒಂದು ಮಾತು ಹೇಳಬೇಕು. ನಮ್ಮ ತಂದೆ ಹನ್ನೆರಡು ವರ್ಷ ಒಣಗಿದ ಕೆರೆ ನೋಡಿದ್ದರು. ನೀರು ಬಂದ ದಿನ ಕಟ್ಟೆ ಮೇಲೆ ಹೋಗಿ ಕೂತರು, ಕತ್ತಲಾದರೂ ಎದ್ದು ಬರಲಿಲ್ಲ. ಅದು ಎಂಥ ನೀರು ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕೂತಿದ್ದರು. ಆಮೇಲೆ ಬೆಳ್ಳಕ್ಕಿ ಬಂತು, ಬತ್ತಿದ್ದ ಬೋರಲ್ಲಿ ನೀರು ಬಂತು. ಕುಡಿಯಲು ಮಾತ್ರ ನಾವು ಕ್ಯಾನ್ ತರುತ್ತೇವೆ.

ಬೆಳ್ಳಂದೂರು_ಮೊಮ್ಮಗಳು
ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ಸಿಯೋಲ್_ರಿಟರ್ನ್
ಇಷ್ಟೆಲ್ಲ ಗೋಳು ಯಾಕೆ. ಸಿಯೋಲ್‌ನಲ್ಲಿ ಚೊಂಗೆಚೊನ್ ಅಂತ ಒಂದು ತೊರೆ ಇದೆ. ಅದರ ಮೇಲೆ ಫ್ಲೈಓವರ್ ಇತ್ತು. 2003ರಲ್ಲಿ ಕೆಡವಲು ಶುರು ಮಾಡಿ 2005ಕ್ಕೆ ಸುಮಾರು 5.8 ಕಿ.ಮೀ. ತೊರೆ ಬಿಡಿಸಿಕೊಂಡರು. ನಾನು ಅಲ್ಲಿ ಕಾಲು ಇಳಿಬಿಟ್ಟು ಕೂತಿದ್ದೇನೆ. ನಮ್ಮ ಕೆ-100 ಕಾಲುವೆಯನ್ನು ಸರಿಪಡಿಸುವ ಯೋಜನೆ ಕೂಡ ಅದನ್ನೇ ನೋಡಿ ಮಾಡಿದ್ದು. ಮನಸ್ಸು ಮಾಡಿದರೆ ಆಗುತ್ತೆ.

ನಿವೃತ್ತ_ಇಂಜಿನಿಯರ್
ಸಿಯೋಲ್ ತೊರೆಯ ನೀರು ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿದ್ದು. ನೋಡಲು ಚೆನ್ನಾಗಿದೆ, ಇಲ್ಲ ಅನ್ನಲ್ಲ. ನಮ್ಮಲ್ಲಿ ಪಂಪ್ ಮಾಡಲು ಪಕ್ಕದಲ್ಲಿ ಹಾನ್ ಎಲ್ಲಿದೆ? ಇಲ್ಲಿ ಮೊದಲು ಕೊಳಚೆ ತಡೆಯಬೇಕು, ಕಲ್ಲುಬೆಂಚು ಆಮೇಲೆ. ಇನ್ನೊಂದು ಬೇಸರ, ತಳಕ್ಕೂ ಕಾಂಕ್ರೀಟ್ ಹಾಕುವುದು. ಮಣ್ಣಿನ ತಳ ಇದ್ದರೆ ನೀರು ಸ್ವಲ್ಪ ಇಂಗುತ್ತದೆ, ಸ್ವಲ್ಪ ನಿಧಾನ ಆಗುತ್ತದೆ. ಕಾಂಕ್ರೀಟ್ ಹಾಕಿದರೆ ಮೇಲಿನ ಬಡಾವಣೆ ನೀರು ಜಾರುಬಂಡೆ ಮೇಲೆ ಇಳಿದ ಹಾಗೆ ಈಜಿಪುರದ ಅಕ್ಕನ ಬಚ್ಚಲಿಗೆ.

ಸಿಯೋಲ್_ರಿಟರ್ನ್
ಹಾಗಾದರೆ ಏನೂ ಮಾಡಬಾರದಾ? ಯಾವಾಗಲೂ ಇದೇ. ಮಾಡದಿದ್ದರೆ ಮಾಡಲಿಲ್ಲ, ಮಾಡಿದರೆ ಕಾಂಕ್ರೀಟು.

ನಿವೃತ್ತ_ಇಂಜಿನಿಯರ್
ಜಕ್ಕೂರು ಕೆರೆ ನೋಡಿ ಬನ್ನಿ. ಕೊಳಚೆ ಮೊದಲು ಎಸ್‌ಟಿಪಿಗೆ, ಅಲ್ಲಿಂದ ಜೊಂಡು ಬೆಳೆದ ಜೌಗಿಗೆ, ಆಮೇಲೆ ಕೆರೆಗೆ. ಮೀನು ಹಿಡಿಯುವವರು ಇದ್ದಾರೆ, ಬಾತುಕೋಳಿ ಇವೆ. ಕೈಕೊಂಡ್ರಹಳ್ಳಿ ಕೆರೆ ಉಳಿದದ್ದು ಸುತ್ತಲಿನ ಜನ ಹಿಂದೆ ಬಿದ್ದಿದ್ದಕ್ಕೆ. ಮಾಡಬಾರದು ಅಂತ ನಾನು ಎಲ್ಲೂ ಹೇಳಿಲ್ಲ.

ಗಂಗೊಳ್ಳಿ_ಗಾಳ
ಜಕ್ಕೂರಲ್ಲಿ ಯಾವ ಮೀನು ಸಿಗ್ತದೆ ಮಾರಾಯ್ರೆ? ಕಾಟ್ಲಾ?

ನಿವೃತ್ತ_ಇಂಜಿನಿಯರ್
ನಾನು ಸಸ್ಯಾಹಾರಿ.

ವೇದಿಕೆ_ನಿರ್ವಾಹಕಿ
ಮೀನಿನ ಚರ್ಚೆಗೆ ಬೇರೆ ಎಳೆ ತೆರೆಯಿರಿ ದಯವಿಟ್ಟು. ಬ್ರೋಕರ್ ಬಾಬಣ್ಣ, ಸೈಟ್ ಜಾಹೀರಾತು ಅಳಿಸಿದ್ದೇನೆ. ಅದೂ ಕೆರೆ ಪಕ್ಕದ್ದು!

ಬ್ರೋಕರ್_ಬಾಬಣ್ಣ
ಲೇಕ್ ವ್ಯೂ ಮೇಡಂ. ಎ ಖಾತಾ.

ಮೂರನೇ_ಕ್ರಾಸ್
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಭಾನುವಾರ, ಮಗಳು ಬಿಡಲಿಲ್ಲ. ಚೆಂಡು ಎಷ್ಟು ದೂರ ಹೋಗಿದೆ ನೋಡೋಣ ಅಂತ ಬೆಳಗ್ಗೆ ಇಬ್ಬರೂ ಹೊರಟೆವು. ಕಾಲುವೆ ಉದ್ದಕ್ಕೂ ನಡೆಯುವುದು ಅಂದುಕೊಂಡಷ್ಟು ಸುಲಭ ಅಲ್ಲ. ಕೆಲವು ಕಡೆ ದಾರಿ ಇದೆ, ಕೆಲವು ಕಡೆ ಗೋಡೆ, ಆಮೇಲೆ ಯಾರದೋ ಹಿತ್ತಲು, ಬಟ್ಟೆ ಒಣಹಾಕಿದ ಹಗ್ಗ. ಒಬ್ಬ ಅಜ್ಜ ಕಾಲುವೆ ಗೋಡೆಗೆ ಒರಗಿಕೊಂಡು ಪೇಪರ್ ಓದುತ್ತಿದ್ದರು. ವಾಸನೆ ಬರಲ್ವಾ ಅಂದೆ. "ಯಾವ ವಾಸನೆ?" ಅಂದರು. ಒಂದು ಕಡೆ ಕಾಲುವೆ ಒಳಗೆ ಕಲ್ಲಿನ ಮೇಲೆ ಬೂದು ಬಣ್ಣದ ಕೊಕ್ಕರೆ ಒಂದೇ ಕಾಲಲ್ಲಿ ನಿಂತಿತ್ತು. ಮಗಳು ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ.

ಎರಡು ಸೇತುವೆ ಆದಮೇಲೆ ಕಸ ತಡೆಯಲು ಕಬ್ಬಿಣದ ಜಾಲರಿ ಹಾಕಿದ್ದಾರೆ. ಇಬ್ಬರು ಪೌರಕಾರ್ಮಿಕರು ಮೇಲೆ ನಿಂತು ಉದ್ದ ಕೋಲಿನ ಕೊಕ್ಕೆಯಲ್ಲಿ ಕಸ ಎಳೆಯುತ್ತಿದ್ದರು. ಸುಮ್ನೆ_ಓದುವವ ಹೇಳಿದ್ದು ನಿಜ, ಹಾಸಿಗೆ ಇತ್ತು, ದಿಂಬೂ ಇತ್ತು. ಚೆಂಡಿನ ವಿಷಯ ಹೇಳಿದೆ. ಅವರಲ್ಲಿ ದೊಡ್ಡವರು ನಕ್ಕು, ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕ್ರೇಟ್ ತೋರಿಸಿದರು. ಏಳು ಚೆಂಡು ಎತ್ತಿಟ್ಟಿದ್ದರು, ತೊಳೆದು. ದಿನಾ ಒಂದೆರಡು ಬರುತ್ತವಂತೆ, ಅವರ ಬೀದಿಯ ಹುಡುಗರಿಗೆ ಒಯ್ಯುತ್ತಾರಂತೆ. ಟೆನಿಸ್ ಚೆಂಡು ನಾಲ್ಕು, ಒಂದು ಫುಟ್‌ಬಾಲ್, ಒಂದು ಕಿತ್ತಳೆ ಬಣ್ಣದ್ದು, ಒಂದು ನೀಲಿ. ನಮ್ಮದು ಇರಲಿಲ್ಲ. ಮಗಳಿಗೆ ಅದೇ ಖುಷಿ. "ನಮ್ದು ದಾಟ್ಬಿಡ್ತು ಅಪ್ಪಾ" ಅಂತ ಮನೆ ತನಕ ಕುಣಿದುಕೊಂಡು ಬಂದಳು.

ಬೆಳ್ಳಂದೂರು_ಮೊಮ್ಮಗಳು
ಹಳದಿ, ಕೆಂಪು ಪಟ್ಟಿ ಅಲ್ವಾ? ಕೋಡಿ ಕಡೆ ವಾಕಿಂಗ್ ಹೋದಾಗ ನೋಡ್ತಿರ್ತೀನಿ.

ಓಆರ್‌ಆರ್_ಕೈದಿ
ಆ ಕಿತ್ತಳೆ ಬಣ್ಣದ್ದರ ಮೇಲೆ ಇಂಕಿನಲ್ಲಿ 'ಎಸ್' ಅಂತ ಬರೆದಿತ್ತಾ? ಲ್ಯಾಂಗ್‌ಫೋರ್ಡ್ ಟೌನಿನಲ್ಲಿರುವ ನಮ್ಮಕ್ಕನ ಮಗನದ್ದು ಇರಬೇಕು. ಎರಡು ವಾರದಿಂದ ಹುಡುಕುತ್ತಿದ್ದಾನೆ.